ಇಂಟರ್ವಲ್ ಇಡೋ ನಂದನ್ ಚಾಚಾ

"ಚಾಚಾ, ನಿಜ ಹೇಳಿ. ನಿನ್ನೆ ಟ್ರಯಲ್ ನೋಡುವಾಗ ನಿಮಗೇ ನಿದ್ದೆ ಬಂತಾ ಇಲ್ವಾ?" ಅಂದ್ಲು ನನ್ನ ಫ್ರೆಂಡ್ ಚಾರುಲ್.

"ಎರಡು ಸಲ ಬಂತು ಬೇಟಾ. ಸೇಠ್‌ಜಿಗೆ ಹೇಳ್ಬೇಡ," ಅಂತ ಚಾಚಾ ಕಚೋರಿ ಮುರಿದು, ಮೇಲೆ ಸೇವ್ ಸುರ್ಕೊಂಡ್ರು.

ನಮ್ಮ ರತ್ಲಾಮಿನ ಸರೋಜ್ ಟಾಕೀಸಲ್ಲಿ ನಂದನ್ ಚಾಚಾ ಮೂವತ್ತೊಂದು ವರ್ಷದಿಂದ ಪ್ರೊಜೆಕ್ಟರ್ ಆಪರೇಟರ್. ಇಂಟರ್ವಲ್ ಇಲ್ಲದ ಸಿನಿಮಾ ಬಂದ್ರೆ ಗುರುವಾರವೇ ಒಬ್ರೇ ಕೂತು ಟ್ರಯಲ್ ನೋಡಿ, ಎಲ್ಲಿ ನಿಲ್ಲಿಸ್ಬೇಕು ಅಂತ ಅವರೇ ಹುಡುಕ್ತಾರೆ. ಈ ಸಲದ ಸಿನಿಮಾನ ಹಟ ಹಿಡಿದು ತರಿಸಿದ್ದೂ ಅವರೇ! ಅದರ ಡೈರೆಕ್ಟರ್ ಹುಡುಗನ ಮೊದಲ್ನೇ ಸಿನಿಮಾ ನೋಡಿ ಅತ್ತಿದ್ರಂತೆ, ನಾನೂ ಅತ್ತಿದ್ದೆ, ಅಷ್ಟು ಚೆನ್ನಾಗಿತ್ತು. ಈ ಎರಡನೇದು ಮಾತ್ರ... ಒಬ್ಬ ಮನುಷ್ಯ, ಒಂದು ಗೋಡೆ. ಅಷ್ಟೇ!

"ನಂದನ್, ಅರ್ಧಕ್ಕೇ ಜನ ಎದ್ದು ಹೋದ್ರೆ ಇನ್ಮೇಲೆ ಸಿನಿಮಾ ಆರಿಸೋದು ನಾನೇ," ಅಂತ ಟಾಕೀಸಿನ ಮಾಲೀಕರು ಲುಣಾವತ್ ಸೇಠ್ ಖಡಕ್ಕಾಗಿ ಹೇಳಿಬಿಟ್ಟಿದ್ರು. ಸೇಠ್‌ಜಿ ಆರಿಸಿದ್ರೆ ಬರೀ ಹೊಡೆದಾಟವೇ. ಅದಕ್ಕೇ ಚಾಚಾ ಮುಖ ಸಪ್ಪಗಿತ್ತು. ಜೊತೆಗೆ ಡೈರೆಕ್ಟರ್ ಕಡೆಯಿಂದ ಚೀಟಿ ಬೇರೆ: ಇಂಟರ್ವಲ್ ಬೇಡವೇ ಬೇಡ.

ಹನ್ನೆರಡರ ಶೋಗೆ ನಾವೂ ಸೇರಿ ಹತ್ತೊಂಬತ್ತು ಜನ. ಗೋಡೆ. ಮತ್ತೆ ಗೋಡೆ. ಹಿಂದಿನ ಸಾಲಲ್ಲಿ ಒಬ್ರು, "ಏನಪ್ಪಾ, ಗೋಡೆ ಸುಣ್ಣ ಯಾವಾಗ ಒಣಗುತ್ತೆ?" ಅಂತ ಕೂಗಿದ್ರು. ಇಬ್ರು ಎದ್ದು ಚಪ್ಪಲಿ ಹುಡುಕ್ತಿದ್ರು. ಅಷ್ಟರಲ್ಲಿ ಆ ಮನುಷ್ಯ ಮೊದಲ್ನೇ ಸಲ ತಿರುಗಿ, ಪಕ್ಕದ ಬಾಗಿಲು ಬಡಿಯೋಕೆ ಕೈ ಎತ್ತಿದ, ಫಟ್! ಲೈಟು ಬಂತು. ಇಂಟರ್ವಲ್!

"ಅರೇ! ಒಳಗ್ಯಾರು?" ಎಲ್ಲರೂ ಒಟ್ಟಿಗೆ ಕೂಗಿದ್ರು. ಕ್ಯಾಂಟೀನ್ ತುಂಬ ಅದೇ ಮಾತು. ಹೆಂಡ್ತಿ ಇರ್ತಾಳೆ ಅಂತ ಒಬ್ರು, ಹೆಣ ಇರುತ್ತೆ ಅಂತ ಇನ್ನೊಬ್ರು, ಬಾಡಿಗೆ ಕೇಳೋ ಮಾಲೀಕ ಅಂತ ಚಾರುಲ್. ಚಪ್ಪಲಿ ಹುಡುಕ್ತಿದ್ದ ಆ ಇಬ್ರೇ ಎಲ್ಲರಿಗಿಂತ ಮುಂಚೆ ಒಳಗೆ ಓಡಿದ್ರು!

ಬಾಗಿಲು ತೆಗೀಲೇ ಇಲ್ಲ. ಮತ್ತೆ ಗೋಡೆ. ಆದ್ರೆ ಈಗ ಅವನು ಕೆಮ್ಮಿದ್ರೂ "ಬಂದ್ಳು, ಬಂದ್ಳು" ಅಂತ ಗಲಾಟೆ, ಶಿಳ್ಳೆ, ನಗು. ಹತ್ತೊಂಬತ್ತಕ್ಕೆ ಹತ್ತೊಂಬತ್ತು ಜನಾನೂ ಕೊನೇವರೆಗೂ ಕೂತಿದ್ರು.

ಹೊರಗೆ ಸೇಠ್‌ಜಿ ಮೀಸೇಲೇ ನಗ್ತಾ, "ಸಿನಿಮಾ ದಂಡ. ಇಂಟರ್ವಲ್ ಮಾತ್ರ ಫಸ್ಟ್ ಕ್ಲಾಸ್. ಮುಂದಿನ ಶುಕ್ರವಾರದ್ದೂ ನೀನೇ ಆರಿಸು ಹೋಗು," ಅಂದ್ರು.

"ಡೈರೆಕ್ಟರ್ ಬೈಯ್ಯಲ್ವಾ ಚಾಚಾ?" ಅಂದೆ.

"ಬೈಲಿ. ಫೋನ್ ಮಾಡಿ ತಪ್ಪೊಪ್ಪಿಕೊಳ್ತೀನಿ. ಹಾಗೇ, ಮಗಾ, ನಿನ್ನ ಸಿನಿಮಾ ನಂಗೂ ಬೇಜಾರಾಯ್ತು, ಮೂರನೇದು ಬೇಗ ಮಾಡು ಅಂತಾನೂ ಹೇಳ್ತೀನಿ. ಕೈಲಿ ಕಸುಬಿದೆ ಅವನಿಗೆ."

ಮುಂದಿನ ವಾರ ಏನು ತರಿಸ್ತೀರಿ ಅಂತ ಕೇಳಿದ್ವಿ. ಶುಕ್ರವಾರ ಹನ್ನೊಂದೂವರೆಗೇ ಬಂದುಬಿಡಿ, ಬಾಲ್ಕನೀಲಿ ಮಧ್ಯದ ಎರಡು ಸೀಟು ಹಿಡಿದಿಟ್ಟಿರ್ತೀನಿ ಅಂದ್ರು. ಚಾರುಲ್ ಅಲ್ಲೇ ನಿಂತು ಆ ಶುಕ್ರವಾರದ ಕೆಮಿಸ್ಟ್ರಿ ಲ್ಯಾಬ್ ತಪ್ಪಿಸೋಕೆ ಈಗಲೇ ಹೊಟ್ಟೆನೋವು ಬರಿಸಿಕೊಂಡ್ಲು.