ಮುಲುಂಡ್‌ಗೆ ಹೋದ ನಾರ್ವೆ ದಂಪತಿ

ಕಳೆದ ವರ್ಷ ಜೂನ್‌ನ ಮೊದಲ ಭಾನುವಾರ, ಮುಂಬಯಿಯ ಸಯನ್‌ನ ನಮ್ಮ ಕನ್ನಡ ಕ್ರೈಸ್ತ ಸಭೆಯಿಂದ ಐದು ಕುಟುಂಬಗಳು ಹೊರಟು ಮುಲುಂಡ್‌ನಲ್ಲಿ ಹೊಸ ಸಭೆ ಆರಂಭಿಸಿದವು. ಅಲ್ಲಿ ಹೊಸದಾಗಿ ಫ್ಲ್ಯಾಟ್ ಕೊಂಡಿದ್ದ ನನ್ನ ತಂಗಿಯ ಕುಟುಂಬವೂ ಅವುಗಳಲ್ಲಿ ಒಂದು. ಅವರ ಹೌಸಿಂಗ್ ಸೊಸೈಟಿಯ ಹಾಲ್‌ನಲ್ಲೇ ಆರಾಧನೆ.

ನಾರ್ವೆಯ ಒಂದು ಸಭೆ ನಮ್ಮ ಪಾಲುದಾರ. ಅಲ್ಲಿನ ಒಂದು ಕುಟುಂಬಕ್ಕೆ ಇಲ್ಲಿನ ಒಂದು ಕುಟುಂಬ ಜೋಡಿ. ಫೋಟೋ, ಪತ್ರ ವಿನಿಮಯವಾಗುತ್ತವೆ, ಇವರು ಅವರಿಗಾಗಿ, ಅವರು ಇವರಿಗಾಗಿ ಪ್ರಾರ್ಥಿಸಬೇಕು. ನಮ್ಮ ಪಾಲಿಗೆ ಬಂದಿದ್ದು ಒಂದು ವೃದ್ಧ ದಂಪತಿ. ಆ ಅಜ್ಜನ ಕೆಮ್ಮು, ಮಗನ ವಿಚ್ಛೇದನ ಎಲ್ಲಕ್ಕೂ ವರ್ಷಗಟ್ಟಲೆ ಪ್ರಾರ್ಥಿಸಿದ್ದೇನೆ. ನನ್ನ ಕಡೆಯಿಂದ ಹೋಗುತ್ತಿದ್ದ ಕೋರಿಕೆ ಒಂದೇ: ಸ್ವಂತ ಮನೆ.

ಮಳೆಗಾಲ ಮುಗಿಯುವಾಗ ಪಾಸ್ಟರ್ ಮನೆಗೆ ಬಂದರು. ಆ ದಂಪತಿಯನ್ನು ಮುಲುಂಡ್ ಸಭೆಗೆ, ಅದರಲ್ಲೂ ನನ್ನ ತಂಗಿಯ ಕುಟುಂಬಕ್ಕೆ ಕೊಡಲಾಗಿತ್ತು.

"ಹೊಸ ಸಭಾ ಇನ್ನೂ ಕೂಸು ಇದ್ದಂಗ್ರಿ ಅಕ್ಕಾರ. ಅನುಭವ ಇದ್ದವ್ರ ಆಸರಾ ಬೇಕು. ನಿಮಗ ಬ್ಯಾರೆಯವ್ರನ್ನ ಕೊಡ್ತೇವಿ."

"ಕೊಡ್ರಿ," ಎಂದೆ. ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆತಿದ್ದೆ. ಅವರು ಹಾಗೆಯೇ ಕುಡಿದು ಹೋದರು.

ಡಿಸೆಂಬರ್‌ನಲ್ಲಿ ಆ ದಂಪತಿ ಮುಂಬಯಿಗೆ ಬಂದರು. ತಂಗಿ ಫೋನ್ ಮಾಡಿದಳು.

"ಅಕ್ಕಾ, ಐತವಾರ ಅವ್ರು ನಮ್ಮ ಮನಿಗೆ ಊಟಕ್ಕ ಬರಾಕತ್ತಾರ. ಶೇಂಗಾ ಹೋಳಿಗಿ ನೀ ಮಾಡ್ಕೊಂಡು ಬಾ. ನಾ ಲಟ್ಟಿಸಿದ್ರ ಹರೀತಾವ."

"ನಾ ಏನ್ ನಿಮ್ಮ ಮನಿ ಅಡಗಿಯಾಕಿ ಏನ?"

"ಮತ್ತ ಹೊಟ್ಟಿಕಿಚ್ಚು ನೋಡು! ಬರ್ತೀಯೋ ಇಲ್ಲೋ?"

ಹೋದೆ. ಡಬ್ಬಿ ತುಂಬ ಹೋಳಿಗೆ ಇತ್ತು.

ಊಟದ ನಂತರ ಅಜ್ಜಿ ತಮ್ಮ ಬೈಬಲ್‌ನಿಂದ ಒಂದು ಫೋಟೋ ತೆಗೆದರು. ನಾವು ಕಳಿಸಿದ್ದೇ. ಸುಗ್ಗಿ ಹಬ್ಬದ ದಿನ ಚರ್ಚ್ ಅಂಗಳದಲ್ಲಿ ಕುಟುಂಬವೆಲ್ಲ ನಿಂತು ತೆಗೆಸಿಕೊಂಡಿದ್ದು. ನಡುವೆ ನನ್ನ ಮಗಳನ್ನು ಎತ್ತಿಕೊಂಡು ನಿಂತವಳು ತಂಗಿ. ನಾನು ಅಂಚಿನಲ್ಲಿ, ಅರ್ಧ ಮುಖ ಯಾರದೋ ಭುಜದ ಹಿಂದೆ.

ಅಜ್ಜಿ ಬೆರಳಿಟ್ಟಿದ್ದು ತಂಗಿಯ ಮುಖದ ಮೇಲೆ. ದಿನವೂ ಬೆಳಿಗ್ಗೆ ಇದೇ ಮುಖ ನೋಡಿ, ಈ ತಾಯಿಗೆ ಮನೆ ಕೊಡು ಎಂದು ಬೇಡುತ್ತಿದ್ದೆ, ದೇವರು ಕೊಟ್ಟ ಎಂದು ಇಂಗ್ಲಿಷ್‌ನಲ್ಲಿ ಹೇಳಿ, ಆ ಎರಡು ಬೆಡ್‌ರೂಮಿನ ಫ್ಲ್ಯಾಟನ್ನು ಸುತ್ತಲೂ ನೋಡಿ ಕಣ್ಣೊರೆಸಿಕೊಂಡರು. ತಂಗಿಯ ಕೈ ಹಿಡಿದುಕೊಂಡರು.

ತಂಗಿ ನನ್ನ ಕಡೆ ಬಾಗಿ ಕನ್ನಡದಲ್ಲಿ ಹೇಳಿದಳು: "ಪ್ರಾರ್ಥನಿ ನಿಂದು, ಫಲ ನಂದು ಆತಲ್ಲ ಅಕ್ಕಾ!"

ಅವಳ ಗಂಡ ನಕ್ಕ. ನನ್ನ ಗಂಡನೂ ನಕ್ಕರು. ನಾನು ಅಜ್ಜಿಗೆ, ಆ ಮಗು ನನ್ನದು, ಆ ಪತ್ರಗಳೂ ನನ್ನವು ಎಂದೆ. ಅವರು ಫೋಟೋವನ್ನೂ ನನ್ನನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈಯನ್ನೂ ಹಿಡಿದರು. ತಂಗಿಯ ಕೈಯನ್ನು ಮಾತ್ರ ಬಿಡಲಿಲ್ಲ.

ಮರಳುವಾಗ ಲೋಕಲ್ ರೈಲಿನಲ್ಲಿ ಗಂಡ, "ಫ್ಲ್ಯಾಟ್ ಸಾಲದ ಮ್ಯಾಲೆ ತಗೊಂಡಾರ, ಪ್ರಾರ್ಥನಿ ಮ್ಯಾಲಲ್ಲ," ಎಂದರು.

ಫೆಬ್ರವರಿಯಲ್ಲಿ ನಮಗೆ ಹೊಸ ಜೋಡಿ ಕುಟುಂಬ ನಿಗದಿಯಾಯಿತು. ಪಾಸ್ಟರ್ ಫೋಟೋ ಕೇಳಿದರು. ಗಂಡ, ನಾನು, ಮಗಳು ಮೂವರೇ ಇರುವುದನ್ನು ಸ್ಟುಡಿಯೋದಲ್ಲಿ ತೆಗೆಸಿ ಕಳಿಸಿದ್ದೇವೆ.