ಮಟ್ಟಸವಾಗಿ ಕೂತ ಫ್ರಿಜ್ಜು

ಬಾಗಲೂರಿನ ತಗಡಿನ ಶೆಡ್ಡಿನಲ್ಲಿ ನಿಂತಿದ್ದ ಆ ಹಾಯಿದೋಣಿಯನ್ನು ಕಂಡರೆ ಪ್ರತಿಭಾಗೆ ಮೈಯೆಲ್ಲ ಉರಿಯುತ್ತಿತ್ತು. ಸಮುದ್ರ ಎಲ್ಲಿ, ಬಾಗಲೂರು ಎಲ್ಲಿ! ಆದರೂ ಗಂಡ ವಿಜಯಕುಮಾರ ಪೀಣ್ಯದ ಲೇತ್ ಶಾಪು ಮಾರಿ, ಇಲ್ಲಿ ಕೂತು ವರ್ಷಗಟ್ಟಲೆ ದೋಣಿ ಕಟ್ಟಿದ್ದ. ಕಾರವಾರದಲ್ಲಿ ಅದನ್ನು ನೀರಿಗಿಳಿಸಿ, ಮನೆ ಖಾಲಿ ಮಾಡಿ, ಗಂಡ ಹೆಂಡತಿ ಇನ್ನು ಮುಂದೆ ಅದರಲ್ಲೇ ಊರೂರು ತಿರುಗುತ್ತ ಬದುಕುವುದು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಹಾಗೆ ಬಂದವರ್ಯಾರಿಗೋ ಹೇಳುವಾಗಲೇ ಅವಳಿಗೂ ಆ ವಿಷಯ ಗೊತ್ತಾದದ್ದು.

ಇದೇನು ಹೊಸದಲ್ಲ. ಮದುವೆಯಾದ ಹೊಸತರಲ್ಲಿ ದಾಸರಹಳ್ಳಿಯಲ್ಲಿ ಮನೆ ಬದಲಾಯಿಸುವಾಗಲೂ ಅಷ್ಟೇ. ಮಹಾರಾಯ ತಾನೇ ಅಡ್ವಾನ್ಸ್ ಕೊಟ್ಟು ಬಂದು "ಪಾತ್ರೆ ಕಟ್ಟು" ಎನ್ನುತ್ತಿದ್ದ, ಇವಳು ಕಟ್ಟುತ್ತಿದ್ದಳು. ಕಟ್ಟಿ ಕಟ್ಟಿ ರೋಸಿಹೋಗಿ, ಕೊನೆಗೆ ಯಲಹಂಕದಲ್ಲಿ ಒಂದು ಮಳಿಗೆ ಹಿಡಿದು 'ಪ್ರತಿಭಾ ಟೈಲರ್ಸ್' ಎಂದು ಬೋರ್ಡು ಹಾಕಿಸಿದ್ದಳು. ರವಿಕೆ ಹೊಲಿಸಲು ಹೆಬ್ಬಾಳದಿಂದಲೂ ಹೆಂಗಸರು ಬರುತ್ತಿದ್ದರು. ಅವಳ ಹೆಸರಿನಲ್ಲಿ ಈ ಲೋಕದಲ್ಲಿದ್ದದ್ದು ಆ ಬೋರ್ಡು ಒಂದೇ. ಈಗ ಅದನ್ನೂ ಇಳಿಸಬೇಕಾಗಿತ್ತು.

"ನಂಗಿಷ್ಟ ಇಲ್ಲ" ಎಂದರೆ ಅವನ ಕಿವಿಗೆ ಬೀಳುವುದಿಲ್ಲ. ಅದಕ್ಕೇ ಅವಳು ತನ್ನ ಸಕ್ಕರೆ ಕಾಯಿಲೆಯನ್ನು ಮುಂದೆ ತಂದಳು.

"ನನ್ನ ಇನ್ಸುಲಿನ್ ತಣ್ಣಗಿರ್ಬೇಕು. ನಡುನೀರಲ್ಲಿ ಎಲ್ಲಿಡ್ಲಿ ಅದನ್ನ?"

ಗೆದ್ದೆ ಎಂದುಕೊಂಡಿದ್ದಳು, ಪಾಪ. ಮುಂದಿನ ವಾರವೇ ಬ್ಯಾಟರಿಯಲ್ಲಿ ಓಡುವ ಹೊಸ ಫ್ರಿಜ್ಜು ಶೆಡ್ಡಿಗೆ ಬಂದಿಳಿಯಿತು.

ಕೂರಿಸಲು ಆರ್.ಟಿ. ನಗರದ ಫ್ರಿಜ್ ಮೆಕ್ಯಾನಿಕ್ ಮನ್ಸೂರ್ ಬಂದ. ವಿಜಯಕುಮಾರ "ನೀನು ನೋಡ್ಕೋ" ಎಂದು ಹೇಳಿ ಹಗ್ಗ ತರಲು ಯಶವಂತಪುರಕ್ಕೆ ಹೋದ. ಪ್ರತಿಭಾ ಮುಖ ಗಂಟಿಕ್ಕಿಕೊಂಡು ಏಣಿ ಹತ್ತಿ ದೋಣಿಯೊಳಗೆ ಕೂತಳು. ಮನ್ಸೂರ್ ಫ್ರಿಜ್ಜನ್ನು ಹಿಂಬದಿಯ ಗೋಡೆಗೆ ಒರಗಿಸಿ, ಬಾಗಿಲು ದೋಣಿಯ ಮೂತಿಯ ಕಡೆಗೆ ಬರುವಂತೆ ನಿಲ್ಲಿಸಿದ. ರಸಮಟ್ಟದ ಗುಳ್ಳೆ ನಡುವಿಗೆ ಬರುವ ತನಕ ಹಿಂಗಾಲುಗಳ ಕೆಳಗೆ ಮರದ ಚಕ್ಕೆ ತುರುಕಿದ. ಆಮೇಲೆ, ಪ್ರತಿ ಮನೆಯಲ್ಲೂ ಮಾಡುವಂತೆ, ಫ್ರಿಜ್ಜಿನ ತಲೆಯ ಮೇಲೆ ಒಂದು ಗ್ಲಾಸು ತುಂಬ ನೀರಿಟ್ಟು ಕೈಕಟ್ಟಿ ನಿಂತ.

"ನೋಡಿಮ್ಮಾ, ಒಂದು ತೊಟ್ಟು ಚೆಲ್ತಿಲ್ಲ. ಸರಿ ಐತಾ? ಹೂಂ ಅಂದ್ರೆ ರೆಸಿನ್ ಹಾಕಿ ಅಂಟಿಸ್ಬಿಡ್ತೀನಿ."

ಸರಿ ಇರಲಿಲ್ಲ. ಶೆಡ್ಡಿನ ತಗಡು ಸೋರಿ ಒಳಗೆ ಬಿದ್ದ ಮಳೆನೀರು ಹಿಂದಕ್ಕೆ ಹರಿದುಹೋಗಲೆಂದು ದೋಣಿಯ ಮೂತಿಯನ್ನು ಮೇಲೆತ್ತಿ ದಿಮ್ಮಿಗಳ ಮೇಲೆ ನಿಲ್ಲಿಸಿದ್ದರು. ದೋಣಿ ನೀರಲ್ಲಿ ಎಲ್ಲಿಯವರೆಗೆ ಮುಳುಗುತ್ತದೆಂದು ತೋರಿಸುವ ನೀಲಿ ಗೆರೆಯನ್ನು ಬಳಿದವಳು ಪ್ರತಿಭಾನೇ. ಆ ಗೆರೆ ನೆಲಕ್ಕೆ ಓರೆಯಾಗಿರುವುದು ಅವಳಿಗೆ ಚೆನ್ನಾಗಿ ಗೊತ್ತು. ಮನ್ಸೂರ್ ಫ್ರಿಜ್ಜನ್ನು ಮಟ್ಟ ಮಾಡಿದ್ದು ಬಾಗಲೂರಿನ ನೆಲಕ್ಕೆ. ದೋಣಿ ಮಟ್ಟಕ್ಕೆ ಬಂದು ಮೂತಿ ಇಳಿದ ದಿನ ಫ್ರಿಜ್ಜು ಮುಂದಕ್ಕೆ ಮುಗ್ಗರಿಸುವುದು ಖಂಡಿತ.

"ಸರಿ ಇದೆ, ಅಂಟಿಸಪ್ಪ" ಎಂದಳು. ಬಹಳ ದಿನಗಳ ಮೇಲೆ ಅವಳಿಗೆ ಅವತ್ತು ಹೊಟ್ಟೆ ತುಂಬ ಊಟ ಸೇರಿತು.

ಹೊರಡುವ ದಿನ ಬೆಳಿಗ್ಗೆ ಕ್ರೇನು ದೋಣಿಯನ್ನು ಎತ್ತಿ, ನೀಲಿ ಗೆರೆ ಮಟ್ಟಕ್ಕೆ ಬರುವಂತೆ ಉದ್ದನೆಯ ಲಾರಿಯ ಮೇಲೆ ಇಳಿಸಿತು. ವಿಜಯಕುಮಾರ ಇನ್ಸುಲಿನ್ ಡಬ್ಬಿಯನ್ನು ತಾನೇ ಹಿಡಿದು, "ಬಾರೇ, ನಿನ್ ಫ್ರಿಜ್ ನೋಡು" ಎಂದು ಅವಳನ್ನು ದೋಣಿಯೊಳಗೆ ಕರೆದ. ಬಾಗಿಲು ಎಳೆದದ್ದೇ ತಡ, ಅದು ಕೈಯಿಂದ ಜಾರಿ ಅವನ ಮೊಣಕಾಲಿಗೆ ಬಡಿಯಿತು. ಡಬ್ಬಿ ಒಳಗಿಟ್ಟ, ಡಬ್ಬಿ ಜಾರಿ ಹೊರಗೆ ಬಂತು. ಮತ್ತೆ ಇಟ್ಟ, ಮತ್ತೆ ಬಂತು.

ಅವನ ಪಿತ್ತ ನೆತ್ತಿಗೇರಿತು. ಅಲ್ಲಿಂದಲೇ ಮನ್ಸೂರ್‌ಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. "ಅಯೋಗ್ಯ! ಮಟ್ಟ ನೋಡೋಕೂ ಬರಲ್ವೇನೋ ನಿಂಗೆ? ಇನ್ಮೇಲೆ ಯಾರೂ ನಿನ್ನ ಕೆಲ್ಸಕ್ಕೆ ಕರೀದಂಗೆ ಮಾಡ್ತೀನಿ!"

"ಸಾರ್, ನೀರಿಟ್ಟು ತೋರ್ಸಿದ್ನಲ್ಲಾ. ಅಮ್ಮಾವ್ರೇ ಸರಿ ಐತೆ ಅಂದ್ರು..."

ಪ್ರತಿಭಾ ಫೋನು ಕಿತ್ತುಕೊಂಡಳು. "ನಿಂದೇನೂ ತಪ್ಪಿಲ್ಲ ಮನ್ಸೂರ್" ಎಂದು ಹೇಳಿ ಕಟ್ ಮಾಡಿ ಗಂಡನ ಕಡೆ ತಿರುಗಿದಳು. "ಅವನಿಗ್ಯಾಕ್ರೀ ಬೈತೀರಾ? ಗೆರೆ ಬಳಿದೋಳು ನಾನು. ಓರೆಯಾಗುತ್ತೆ ಅಂತ ಗೊತ್ತಿದ್ದೇ ಸರಿ ಅಂದೆ."

ಅವನ ಮುಖ ಕಪ್ಪಿಟ್ಟಿತು. "ಹೊಟ್ಟೆಗೇನ್ ತಿಂತೀಯ ನೀನು? ನಿನಗೋಸ್ಕರ ತಂದ ಫ್ರಿಜ್ ಇದು! ಎಲ್ಲಿಡ್ಲಿ ಅಂತ ಕೇಳಿದೋಳು ನೀನೇ ತಾನೆ?"

"ಕೇಳ್ದೆ. ಇಷ್ಟ ಇಲ್ಲ ಅಂದ್ರೆ ನಿಮಗೆ ಕೇಳ್ಸಲ್ಲ, ಅದಕ್ಕೇ ಕೇಳ್ದೆ. ದೋಣಿಗೆ ಏನೇನು ಬೇಕು ಅಂತ ಊರವರನ್ನೆಲ್ಲ ವಿಚಾರಿಸಿದ್ರಿ. ಬರ್ತೀಯಾ ಅಂತ ನನ್ನನ್ನ ಒಂದು ಸಲ ಕೇಳಿದೀರಾ?"

ಕೆಳಗೆ ಲಾರಿಯವನು ಹಾರ್ನ್ ಹೊಡೆದ. ವಿಜಯಕುಮಾರ ಹಲ್ಲು ಕಡಿಯುತ್ತ, ಇಷ್ಟು ವರ್ಷದ ಸಂಸಾರದಲ್ಲಿ ಮೊದಲ ಸಲ ಕೇಳಿದ.

"ಬರ್ತೀಯಾ?"

"ಇಲ್ಲ" ಎಂದಳು ಪ್ರತಿಭಾ.

ಇನ್ಸುಲಿನ್ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಏಣಿ ಇಳಿದಳು. ಯಲಹಂಕದ ಬಸ್ಸು ಹಿಡಿದು ಹೋಗಿ ಅಂಗಡಿಯ ಷಟರ್ ಎತ್ತಿದಳು.