ಟವೆಲ್ಲಿನ ಕೆಳಗಿನ ಬೆರಳು

ಹುಮನಾಬಾದಿನ ಆ ತೂಕ-ಅಳತೆ ಇಲಾಖೆಯ ಸಾಹೇಬ ಲಂಚವನ್ನು ಬಾಯಿಬಿಟ್ಟು ಕೇಳಿದವನೇ ಅಲ್ಲ. ದನದ ಸಂತೆಯಲ್ಲಿ ವ್ಯಾಪಾರಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುತ್ತಾರಲ್ಲ, ಹಾಗೆ ಇವನೂ ಎದುರಿಗೆ ಕೂತವರ ಬೆರಳು ಅದುಮುತ್ತಿದ್ದ. ಅವನನ್ನು ಹಿಡಿಸಲು ಹೋದ ಇಬ್ಬರು ಅಂಗಡಿಯವರ ರೆಕಾರ್ಡರಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಸಿಕ್ಕಿರಲಿಲ್ಲ.

ಬಸವಕಲ್ಯಾಣದ ಬೇಳೆ ಅಂಗಡಿ ನಾನೊಬ್ಬಳೇ ಕಟ್ಟಿದ್ದು. ತೂಕದ ಕಾಟಾಕ್ಕೆ ಅವನು ಮುದ್ರೆ ಹಾಕದೆ ವ್ಯಾಪಾರ ನಡೆಸುವಂತಿರಲಿಲ್ಲ. ಹೋದಾಗಲೆಲ್ಲ, "ಹೆಣಮಕ್ಕಳ ಕೂಡ ನಾ ಮಾತಾಡಂಗಿಲ್ಲ. ಮನ್ಯಾಗ ಗಂಡಸ್ರು ಸತ್ತಾರೇನು?" ಎನ್ನುತ್ತಿದ್ದ. ಸತ್ತಿದ್ದರು. ಅದು ಅವನಿಗೂ ಗೊತ್ತಿತ್ತು. ಇವನನ್ನು ಬಿಡಬಾರದು ಎಂದು ಅಂದೇ ನಿಶ್ಚಯಿಸಿದೆ.

ಲಂಚಕೋರರನ್ನು ಹಿಡಿಯುವ ಇನ್‌ಸ್ಪೆಕ್ಟರು ನೋಟಿಗೆ ಪುಡಿ ಸವರಿ, ಜೊತೆಗೊಂದು ರೆಕಾರ್ಡರ್ ಕೊಟ್ಟು ಹೇಳಿದರು: "ಅಕ್ಕಾರ, ನೀವು ಆಸೆ ಹಚ್ಚಬ್ಯಾಡ್ರಿ. ನೀವಾಗೇ 'ತಗೋರಿ' ಅಂತ ತುರುಕಿದ್ರ, ನಾವೇ ಅವನ್ನ ಕೆಡಿಸಿದಂಗ ಆಗ್ತದ, ಕೇಸು ನಿಲ್ಲಂಗಿಲ್ಲ. ಅವನೇ ಕೇಳಬೇಕು."

"ಅಷ್ಟೇ ಹೌದಲ್ರಿ?" ಎಂದೆ. ಎದುರಿನವರು ದರ ಹೇಳುವವರೆಗೆ ಸುಮ್ಮನಿದ್ದೇ ನಾನು ಅಂಗಡಿ ಬೆಳೆಸಿದ್ದು.

"ಗಂಡಸ್ರು ಬರಂಗಿಲ್ರಿ ಸಾಹೇಬ್ರ. ಮುದ್ರಿ ಯಾವಾಗ ಹಾಕ್ತೀರಿ?" ಎಂದು ಅವನ ಕಚೇರಿಗೆ ಹೋಗಿ ಕೇಳಿ ಕೂತುಬಿಟ್ಟೆ. ಟವೆಲ್ ಅವನ ಹೆಗಲ ಮೇಲೇ ಇತ್ತು. ಜವಾನನ ಎದುರು ವಿಧವೆಯ ಕೈ ಹಿಡಿಯುವ ಧೈರ್ಯ ಎಲ್ಲಿಂದ ತಂದಾನು? ಕೊನೆಗೆ ಮೂರು ಬೆರಳು ಎತ್ತಿದ.

"ಅಂದ್ರ?"

ಮತ್ತೆ ಎತ್ತಿ ಆಡಿಸಿದ.

"ಏನ್ ಹೇಳಾಕತ್ತೀರಿ, ತಿಳೀಲಿಲ್ರಿ."

"ಮೂರು ಸಾವಿರ ಬೇ, ಮೂರು ಸಾವಿರ! ಇಟ್ರ ಇವತ್ತೇ ಮುದ್ರಿ!"

ಇಟ್ಟೆ. ಅವನು ಎಣಿಸಿಕೊಂಡ. ಪೊಲೀಸರು ಒಳಗೆ ಬಂದು ಅವನ ಕೈ ತೊಳೆಸಿದರು. ನೋಟಿನ ಪುಡಿ ತಾಗಿ ನೀರು ಗುಲಾಬಿಯಾಯಿತು. ಅಷ್ಟು ಚೆಂದದ ಬಣ್ಣ ನನ್ನ ಮದುವೆ ಸೀರೆಗೂ ಇರಲಿಲ್ಲ.

ಈಗ ಕೇಸು ನಡೆದಿದೆ. ನಾನೇ ಆಸೆ ತೋರಿಸಿ ಬಲೆಗೆ ಕೆಡವಿದೆನೆಂದು ಅವನ ವಕೀಲರ ವಾದ. ರೆಕಾರ್ಡಿನಲ್ಲಿ ಹಣದ ಮಾತು ಇರುವುದು ಅವನ ದನಿಯಲ್ಲಿ. ನನ್ನದು ಬರೀ 'ಅಂದ್ರ?' ನಿಮಗೂ ಇಂಥ ಪ್ರಸಂಗ ಬಂದರೆ ಜಾಣತನ ತೋರಿಸಬೇಡಿ, ತಿಳಿಯದವರಂತೆ ಕೂತಿರಿ.

ನನ್ನ ಸಾಕ್ಷಿಯ ಹಿಂದಿನ ವಾರ ಅವನ ಅಣ್ಣ ಅಂಗಡಿಗೆ ಬಂದ. "ಅಕ್ಕಾರ, ಕೋರ್ಟಿನ್ಯಾಗ 'ನೆನಪಿಲ್ಲ' ಅಂದ್ಬಿಡ್ರಿ. ನಿಮಗೇನ್ ಬೇಕು ಹೇಳ್ರಿ."

ಹೊಸ ಸಾಹೇಬರ ಮುದ್ರೆ ಬಿದ್ದ ಕಾಟಾದ ಮೇಲೆ ಗಿರಾಕಿಯ ತೊಗರಿಬೇಳೆ ಸುರಿಯುತ್ತಲೇ ಹೇಳಿದೆ:

"ನಿಮ್ಮ ಮನ್ಯಾಗ ಹೆಣಮಕ್ಕಳು ಇಲ್ಲೇನ್ರಿ ಅಣ್ಣಾರ? ಇದ್ರ ಕಳಸ್ರಿ. ಗಂಡಸ್ರ ಕೂಡ ನಾ ಮಾತಾಡಂಗಿಲ್ಲ."